ಕೀಲಿನಲ್ಲಿ ಸಿಕ್ಕ ಅರಿವೆ

“ಪಂಖಾ ಚಾಲೂ ಮಾಡ್ರಿ ಮಾಸ್ತರ.”

ದಿಗಂಬರ ಮಾಸ್ತರು ಗುಂಡಿಯ ಕಡೆ ಕೈ ಚಾಚಲಿಲ್ಲ. ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿದ ಮನುಷ್ಯ, ಮನೆಪಾಠ ಮಾಡದೆ ಬಂದ ಹುಡುಗನ ಹಾಗೆ ನನ್ನೆದುರು ನಿಂತಿದ್ದರು.

“ಯಾಕ್ರಿ ಮಹಾರುದ್ರಪ್ಪ ಸಾಹೇಬ್ರ? ಕೇಸು ಮುಗದದಲ್ಲ. ಕಾಶಿರಾಮ ತಾನೇ ಕಬೂಲ್ ಮಾಡ್ಯಾನ.”

“ಕಬೂಲ್ ಮಾಡ್ಯಾನ ಅಂತೇ ಬಂದೀನಿ. ಮೂವತ್ತು ವರ್ಷ ಈ ಖಾಕಿ ಹಾಕೀನಿ. ಏಟು ಬೀಳೋ ಮೊದಲೇ ಕಬೂಲ್ ಆದಾಂವ ಇವನೊಬ್ಬನೇ. ಒತ್ರಿ ಗುಂಡಿ.”

ಅದು ಅರವತ್ತೊಂಬತ್ತರ ಎಪ್ರಿಲ್. ಹುಮನಾಬಾದಿನ ತೊಗರಿಬೇಳೆ ಮಿಲ್ಲಿಗೆ ಅಂದು ವಾರದ ರಜೆ. ಬೇಳೆಯಿಂದ ಹೊಟ್ಟು ಹಾರಿಸಲು ಅಲ್ಲೊಂದು ಆಳೆತ್ತರದ ಪಂಖಾ ಇದೆ. ರಜೆ ಬಂದರೆ ಮಾಸ್ತರು ಅದರ ಮುಂದೆ ಬಿದಿರುಕಡ್ಡಿ, ಗಾಳಿಪಟದ ಕಾಗದದಿಂದ ಮಾಡಿದ ಪುಟ್ಟ ವಿಮಾನಗಳನ್ನು ಕಟ್ಟಿ, ಅವು ಗಾಳಿಯಲ್ಲಿ ಹೇಗೆ ಆಡುತ್ತವೆಂದು ನೋಡಿ ಲೆಕ್ಕ ಬರೆಯುತ್ತಿದ್ದರು. ಹತ್ತು ವರ್ಷದ ಹುಚ್ಚು ಅದು.

ಹುಚ್ಚು ಇಷ್ಟೇ. ದೊಡ್ಡ ವಿಮಾನವೊಂದು ಹಾರುತ್ತಿರುವಾಗ ಚಿಕ್ಕದೊಂದು ಪಕ್ಕಕ್ಕೆ ಬಂದು, ರೆಕ್ಕೆಯ ತುದಿಗೆ ರೆಕ್ಕೆಯ ತುದಿ ಕೂಡಿಸಿಕೊಳ್ಳಬೇಕು. ಕೂಡಿದ ಮೇಲೆ ಎರಡೂ ಜೋಡೆತ್ತಿನ ಹಾಗೆ ಸಾಗಬೇಕು. ಚಿಕ್ಕದರ ಎಂಜಿನ್ನಿಗೆ ವಿಶ್ರಾಂತಿ, ದೂರದ ಪಯಣಕ್ಕೆ ಪೆಟ್ರೋಲು ಉಳಿತಾಯ. ಹೈದರಾಬಾದಿನ ಖಾಸಗಿ ಸಂಸ್ಥೆಯೊಂದು ಮಾಸ್ತರ ಲೆಕ್ಕವನ್ನು ನಂಬಿ ಎರಡು ವಿಮಾನಗಳನ್ನು ತಂದು ಹುಮನಾಬಾದಿನ ಹೊರಗಿನ ಬಯಲಿನಲ್ಲಿ ಇಳಿಸಿತು. ಮೂರು ವಾರದ ಹಿಂದೆ, ಊರೆಲ್ಲ ಕತ್ತೆತ್ತಿ ನೋಡುತ್ತಿದ್ದಾಗ, ಅವು ಆಕಾಶದಲ್ಲಿ ಕೂಡಿದವು. ಅರ್ಧ ನಿಮಿಷದಲ್ಲಿ ಚಿಕ್ಕದು ಬಡಿದಾಡಿ, ಮಗುಚಿ, ಹೊಲಕ್ಕೆ ಬಿತ್ತು. ಒಳಗಿದ್ದ ಶರಣಪ್ಪನಿಗೆ ಇಪ್ಪತ್ತಾರು ವರ್ಷ.

ಎರಡು ರೆಕ್ಕೆಗಳ ನಡುವಿನ ಕೀಲು ಮುರಿದು ಬಿದ್ದಿತ್ತು. ಅದರೊಳಗೆ ಅರಿವೆಯ, ಹಳೇ ಬಟ್ಟೆಯ, ಸುರುಳಿಯೊಂದು ಸಿಕ್ಕಿತು. ಕೀಲು ಮಾಡಿದವನು ಘಾಟಬೋರಾಳದ ಬಂಡಿ ಬಡಿಗ ಕಾಶಿರಾಮ.

“ಹೌದ್ರಿ, ಶರಣಪ್ಪ ಎಣ್ಣಿ ಒರಸಾಕ ತಂದಿಟ್ಟ ಅರಿವಿ ನಾನೇ ತುರುಕೀನಿ,” ಎಂದ ಅವನು. “ಕೀಲು ಲೊಡಲೊಡ ಅಂತಿತ್ತು. ಲೊಡಲೊಡ ಅನ್ನೋ ಬಂಡಿ ಕೊಟ್ಟ ಬಡಿಗ ಊರಾಗ ಮಾರಿ ಹ್ಯಾಂಗ ತೋರಸಬೇಕ್ರಿ?”

ಮಾಸ್ತರ ನಕ್ಷೆಯಲ್ಲಿ ಕೀಲು ಸಡಿಲವಾಗಿಯೇ ಇರಬೇಕು ಎಂದಿತ್ತು. ಸಂಸ್ಥೆಯವರು ಅದನ್ನೇ ಹಿಡಿದು ವರದಿ ಬರೆದರು. ಅರಿವೆಯಿಂದ ಕೀಲು ಬಿಗಿಯಾಯಿತು, ಬಡಿಗನಿಂದ ಹುಡುಗ ಸತ್ತ. ಅಂದು ಬೆಳಗ್ಗೆ ನಾನೇ ಹೋಗಿ ಕಾಶಿರಾಮನನ್ನು ಹಿಡಿದು ತಂದಿದ್ದೆ. ಮರುದಿನ ಬೆಳಗ್ಗೆ ಕೋರ್ಟಿಗೆ ಹಾಜರುಪಡಿಸಬೇಕಿತ್ತು. ಅವನು ನೀರು ಸಹ ಮುಟ್ಟಿರಲಿಲ್ಲ. ತಾನೇ ಕೊಂದೆನೆಂದು ನಂಬಿ ಕೂತಿದ್ದ. ಅವನ ಹೆಂಡತಿ ಅಂಬುಬಾಯಿ ರೊಟ್ಟಿಯ ಗಂಟು ಹಿಡಿದುಕೊಂಡು ಠಾಣೆಯ ಕಟ್ಟೆಯ ಮೇಲೆ ಕೂತಿದ್ದಳು. ನಾನು ಒಳಗೆ ಹೊರಗೆ ಓಡಾಡಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ, ಈ ಎದ್ದು ನಿಲ್ಲುವುದನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ.

ಲಾಕಪ್ಪಿನಲ್ಲಿ ಕಾಶಿರಾಮ ಒಂದು ಮಾತು ಹೇಳಿದ್ದ. ಅರಿವೆ ತುರುಕಿದ್ದನ್ನು ಕಂಡು ಶರಣಪ್ಪ, “ತಡಿ, ಮಾಸ್ತರನ್ನ ಕೇಳಿ ಬರ್ತೀನಿ,” ಎಂದು ಹೋಗಿದ್ದನಂತೆ. ತಿರುಗಿ ಬಂದು, “ಇರ್ಲಿ ಬಿಡು,” ಎಂದನಂತೆ. ಮಾಸ್ತರು ಈ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ.

ಕೊನೆಗೆ ಅವರು ಗುಂಡಿ ಒತ್ತಿದರು.

ದೊಡ್ಡ ವಿಮಾನವನ್ನು ಕೋಲಿಗೆ ಬಿಗಿದಿದ್ದರು. ಅದರ ರೆಕ್ಕೆಯ ತುದಿಯಲ್ಲಿ ಸೂಜಿಯ ಕೀಲು, ಆ ಕೀಲಿನಲ್ಲಿ ಚಿಕ್ಕ ವಿಮಾನ. ಗಾಳಿ ಬಂದದ್ದೇ ಚಿಕ್ಕದು ಒಮ್ಮೆ ಎದ್ದಿತು, ಒಮ್ಮೆ ಬಿತ್ತು. ಮತ್ತೆ ಎದ್ದಾಗ ಮೊದಲಿಗಿಂತ ಮೇಲೆ, ಬಿದ್ದಾಗ ಮೊದಲಿಗಿಂತ ಕೆಳಗೆ. ಹತ್ತು ಎಣಿಸುವಷ್ಟರಲ್ಲಿ ಅಂಗಾತ ಮಗುಚಿತು, ಅದರ ಕಡ್ಡಿ ಲಟಕ್ಕೆಂದು ಮುರಿಯಿತು.

“ಇದು ನಿಮ್ಮ ನಕ್ಷೆಯೊಳಗಿನ ಸಡಿಲ ಕೀಲು. ಹೌದಲ್ಲ?”

ಮಾಸ್ತರು ತಲೆ ಆಡಿಸಿದರು.

“ಈಗ ಅರಿವಿ ಸುತ್ತಿ ತೋರಸ್ರಿ.”

ಇನ್ನೊಂದು ಚಿಕ್ಕ ವಿಮಾನ ತಂದರು. ಸೂಜಿಗೆ ಒಂದೆಳೆ ಅರಿವೆ ಸುತ್ತಿ ಕೂಡಿಸಿದರು. ಪಂಖಾ ತಿರುಗಿತು. ಚಿಕ್ಕದು ಒಮ್ಮೆ ತೂಗಿತು, ಅದರ ಅರ್ಧದಷ್ಟು ಮತ್ತೊಮ್ಮೆ ತೂಗಿ, ದೊಡ್ಡದರ ಪಕ್ಕಕ್ಕೆ ಸುಮ್ಮನೆ ನಿಂತುಬಿಟ್ಟಿತು.

ಪಂಖಾ ನಿಲ್ಲುವವರೆಗೂ ನಾನು ಅದನ್ನೇ ನೋಡಿದೆ. ಬಡಿಗ ನಾಚಿಕೆಗೆ ತುರುಕಿದ ಹಳೇ ಅರಿವೆ ವಿಮಾನವನ್ನು ಹಿಡಿದು ನಿಲ್ಲಿಸಿತ್ತು.

“ಇದು ನಿಮಗ ಯಾವಾಗ ಗೊತ್ತಾತು?”

“ಹಾರೋ ಮುಂಚಿನ ದಿನ,” ಎಂದರು ಮಾಸ್ತರು. “ಶರಣಪ್ಪ ಬಂದಿದ್ದ. ಜೋಡಿ ಅವನ ದೊಡ್ಡಪ್ಪನ ಮಗ ಬಸವಣಪ್ಪ, ದೊಡ್ಡ ವಿಮಾನ ನಡಸಾಂವ. ಮೂರೂ ಮಂದಿ ಇಲ್ಲೇ ನಿಂತು ನೋಡಿದ್ವಿ. ಅರಿವಿ ಇರ್ಲಿ, ತೆಗೀಬ್ಯಾಡ್ರಿ ಅಂತ ನಾನೇ ಹೇಳಿ ಕಳಿಸ್ದೆ.”

“ಮತ್ತ ಸಂಸ್ಥೆಯವರು ಕೇಳಿದಾಗ ಬಾಯಾಗ ಏನು ಹಾಕ್ಕೊಂಡಿದ್ರಿ?”

“ಹತ್ತು ವರ್ಷದ ಲೆಕ್ಕ ಸಾಹೇಬ್ರ. ಕೀಲು ಸಡಿಲೇ ಇರಬೇಕಂತ ಬರದು, ಅಚ್ಚು ಹಾಕಿಸಿ, ದೊಡ್ಡ ದೊಡ್ಡವ್ರಿಗೆಲ್ಲ ಕಳಿಸೀನಿ. ಸಾಲಿ ಕಾಣದ ಬಡಿಗ ಒಬ್ಬ ಚಿಂದಿ ತುರುಕಿ ಅದನ್ನ ಸುಳ್ಳು ಮಾಡ್ದ ಅಂತ ಹ್ಯಾಂಗ ಹೇಳ್ಲಿ? ಮ್ಯಾಲ, ಅರಿವಿ ಇದ್ದೂ ವಿಮಾನ ಬಿತ್ತಲ್ರಿ. ಪಂಖಾದ ಮುಂದ ಆಗೋದು ಆಕಾಶದಾಗ ಆಗಂಗಿಲ್ಲೇನೋ ಅಂದ್ಕೊಂಡೆ.”

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆಗ ಬಾಯಿಗೆ ಬಂದ ಮಾತನ್ನು ಮನೆಮಂದಿ ಓದುವ ಕಾಗದದಲ್ಲಿ ಬರೆಯುವಂತಿಲ್ಲ. ತನ್ನ ಲೆಕ್ಕ ತಪ್ಪಾಗುವುದಕ್ಕಿಂತ ಬಡಿಗ ಜೈಲಿಗೆ ಹೋಗುವುದು ಇವರಿಗೆ ಹಗುರಾಗಿ ಕಂಡಿತ್ತು. ಕಲಿತವರು ಹೀಗಿದ್ದಾರೆ ನಮ್ಮಲ್ಲಿ.

ಬೈಗುಳ ಮುಗಿದ ಮೇಲೆ ಲಕೋಟೆಯಿಂದ ಅರಿವೆಯನ್ನು ತೆಗೆದು ಮೇಜಿನ ಮೇಲಿಟ್ಟೆ. ಅಂಚಿಲ್ಲದ ಬಿಳಿ ಸೀರೆಯ ತುಂಡು, ಗೇಣುದ್ದ. ಒಂದು ಮೈಗೆ ಕೀಲೆಣ್ಣೆ ಹತ್ತಿತ್ತು. ಅದರ ಪಕ್ಕಕ್ಕೆ ಕೀಲಿನ ಕಬ್ಬಿಣದ ಸಲಾಕೆ ಇಟ್ಟೆ. ಹೆಬ್ಬೆರಳು ದಪ್ಪದ ಸಲಾಕೆ ಕುಡುಗೋಲಿನಂತೆ ಬಾಗಿತ್ತು, ಮೈತುಂಬ ಗೀರು.

“ಮಾಸ್ತರ, ಇಷ್ಟು ದಪ್ಪ ಕಬ್ಬಿಣ ಬಾಗೋವಾಗ ಅದಕ್ಕ ಸುತ್ತಿದ ಅರಿವಿ ಏನಾಗಬೇಕು?”

ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಅರಿವೆಯನ್ನು ಬೆಳಕಿಗೆ ಹಿಡಿದರು.

“ಚಿಂದಿ ಚಿಂದಿ ಆಗಬೇಕು.”

“ಒಂದಾದ್ರೂ ಎಳಿ ಹರದದೇನು?”

“ಇಲ್ರಿ.” ಮಾಸ್ತರು ಮೆಲ್ಲಗೆ ಕೂತುಕೊಂಡರು. “ಅಂದ್ರ ಕೀಲು ಮುರಿಯೋವಾಗ ಇದು ಒಳಗಿರಲೇ ಇಲ್ಲ.”

“ಹಾರೋ ಮೊದಲು ಯಾರೋ ತೆಗದಾರ. ಬಿದ್ದ ಮ್ಯಾಲ, ತಪ್ಪು ಬಡಿಗನ ತಲೀಗೆ ಬರ್ಲಿ ಅಂತ, ತಂದು ತುರುಕ್ಯಾರ. ಅರಿವಿ ಮಹತ್ವ ಗೊತ್ತಿದ್ದವರು ಮೂರು ಮಂದಿ. ನೀವು ಇಲ್ಲಿ ಕುಂತೀರಿ, ಒಬ್ಬಾಂವ ಮಣ್ಣಾಗದಾನ.”

ಉಳಿದವನು ಬಸವಣಪ್ಪ. ಅವನ ದೊಡ್ಡ ವಿಮಾನ ರೆಕ್ಕೆಯ ತುದಿ ಮುರಿದುಕೊಂಡರೂ ಕ್ಷೇಮವಾಗಿ ಇಳಿದಿತ್ತು. ಇಳಿದವನೇ ಹೊಲಕ್ಕೆ ಓಡಿದ. ಚಿಕ್ಕ ವಿಮಾನದ ಹತ್ತಿರ ಮೊದಲು ತಲುಪಿದವನು ಅವನೇ ಎಂದು ಪಂಚನಾಮೆಯಲ್ಲಿ ನನ್ನ ಕೈಯಾರೆ ಬರೆದಿದ್ದೇನೆ. ಆಗ ಅವನು ಅಳುತ್ತಿದ್ದ. ನಾನೂ ಅವನ ಬೆನ್ನು ಸವರಿದ್ದೆ. ಸಂಸ್ಥೆ ಇಬ್ಬರಲ್ಲಿ ಒಬ್ಬನನ್ನು ಮಾತ್ರ ಕಾಯಂ ಮಾಡಿಕೊಳ್ಳುವುದಿತ್ತು, ಹೆಸರು ಶರಣಪ್ಪನದೇ ಎಂದು ಊರಿಗೆಲ್ಲ ಗೊತ್ತಿತ್ತು.

“ಆದ್ರ ತೆಗದಾಂವ ಅವ ಅಲ್ರಿ,” ಎಂದರು ಮಾಸ್ತರು. “ಅವತ್ತು ಮುಂಜಾನಿಯಿಂದ ಹಾರೋತನಕ ಸಂಸ್ಥೆಯವರ ಜೋಡಿ ಪೆಂಡಾಲಿನಾಗ ಕುಂತಿದ್ದ. ಚಿಕ್ಕ ವಿಮಾನದ ಕಡಿ ಒಂದು ಹೆಜ್ಜಿ ಇಟ್ಟಿಲ್ಲ. ನಾ ಕಣ್ಣಾರೆ ನೋಡೀನಿ.”

“ಕಾಶಿರಾಮ?”

“ಬಡಿಗ ಅಂತ ಬೇಲಿ ಒಳಗೇ ಬಿಡಲಿಲ್ಲ ಅವನ್ನ.”

“ಮತ್ತ ಯಾರು ಹೋಗಿದ್ರು ಅದರ ಹತ್ರ?”

ಮಾಸ್ತರು ಹೇಳಲೋ ಬೇಡವೋ ಎಂದು ನೋಡಿದರು.

“ಶರಣಪ್ಪನ ತಾಯಿ. ಕಾಯಿ ಒಡದು ವಿಭೂತಿ ಹಚ್ಚಾಕ.”

ಜೀಪು ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿ ಬಿಟ್ಟು ಬಸವಕಲ್ಯಾಣದ ಕಡೆ ಹೊರಳಿತು. ತಿರುಗಿ ಹೋಗೋಣವೆಂದು ಎರಡು ಸಲ ಅನ್ನಿಸಿತು. ಠಾಣೆಯ ಕಟ್ಟೆಯ ಮೇಲಿದ್ದ ಹೆಂಗಸು ನೆನಪಾಗಿ ಹಲ್ಲು ಕಚ್ಚಿಕೊಂಡು ಕೂತೆ.

ಶರಣಪ್ಪನ ತಾಯಿ ರುಕ್ಮಿಣಿಬಾಯಿಯವರ ಮನೆ ಕೋಟೆಯ ಕೆಳಗಿನ ಓಣಿಯಲ್ಲಿ. ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಗಂಡ ತೀರಿ ಇಪ್ಪತ್ತು ವರ್ಷ. ಮೈಮೇಲೆ ಅಂಚಿಲ್ಲದ ಬಿಳಿ ಸೀರೆ. ನನ್ನ ಕೈ ತಾನಾಗಿ ಜೇಬಿನ ಲಕೋಟೆಯ ಕಡೆ ಹೋಯಿತು.

“ಬರ್ರಿ ಅಮೀನ್ ಸಾಹೇಬ್ರ.” ನಿಜಾಮರ ಕಾಲದ ರೂಢಿ ಬಿಡದ ಹಿರಿಯರು ಫೌಜದಾರನನ್ನು ಇಂದಿಗೂ ಹಾಗೇ ಕರೆಯುತ್ತಾರೆ. ನೀರು ಕೊಟ್ಟು, ಚಾಪೆ ಹಾಸಿದರು.

ಸುತ್ತಿಬಳಸಿ ಕೇಳಲು ನನಗೆ ಬರುವುದಿಲ್ಲ. ಅರಿವೆಯನ್ನು ತೆಗೆದು ಮುಂದಿಟ್ಟೆ.

“ಇದು ಯಾರದು ತಾಯಿ?”

“ನನ್ನ ಸೀರಿ ತುಂಡು.” ಅವರು ಅದನ್ನು ಮುಟ್ಟಲಿಲ್ಲ. “ಹಳೇ ಮೆತ್ತನ ಅರಿವಿ ಬೇಕವ್ವಾ ಅಂತ ಶರಣಪ್ಪ ಮನ್ಯಾಗಿಂದ ಒಯ್ದಿದ್ದ. ಯಾತಕ್ಕ ಅಂತ ಹೇಳಿರಲಿಲ್ಲ. ಇದು ಮತ್ತ ಎಲ್ಲಿ ಸಿಕ್ತುರಿ? ಒಗಿ ಅಂದಿದ್ದೆ.”

“ವಿಮಾನದಿಂದ ಇದನ್ನ ತೆಗದವರು…”

“ನಾನೇ.”

ತಪ್ಪು ಮಾಡಿದವರ ದನಿಯಲ್ಲ ಅದು. ಒಲೆಯ ಮೇಲಿನ ಹಾಲು ಉಕ್ಕದಂತೆ ಇಳಿಸಿದೆ ಎನ್ನುವ ಹಾಗೆ ಹೇಳಿದರು.

“ಗಂಡ ಸತ್ತಾಕಿ ಉಟ್ಟ ಅರಿವಿ ಸಾಹೇಬ್ರ. ಮಗ ಮೊದಲ ಸಲ ಅಂಥ ಕೆಲಸಕ್ಕ ಹೊಂಟಾಗ ಅದು ಅಲ್ಲಿರಬಾರದು. ಕಾಯಿ ಒಡದು, ವಿಭೂತಿ ಹಚ್ಚಿ, ಯಾರಿಗೂ ಕಾಣದಂಗ ಎಳಕೊಂಡೆ.” ಸ್ವಲ್ಪ ಹೊತ್ತು ಜೋಳದಲ್ಲಿ ಬೆರಳಾಡಿಸಿದರು. “ಆದ್ರ ತಡಾ ಆತು. ಒಂದು ರಾತ್ರಿ ಅಲ್ಲೇ ಇತ್ತಲ್ಲ, ಅದರ ದೋಷ ತಾಕೇ ಬಿಟ್ಟಿತು. ಹಿಂದಿನ ದಿನಾನೇ ತೆಗೀಬೇಕಿತ್ತು ನಾನು.”

ಮೂರು ವಾರದಿಂದ ಈ ತಾಯಿ ಅರಿವೆ ತೆಗೆಯುವುದು ತಡವಾಯಿತೆಂದು ಕೊರಗುತ್ತಿದ್ದರು.

ಸೂತಕವಿಲ್ಲ, ಹೆಣ್ಣು ಗಂಡೆಂಬ ಮೇಲುಕೀಳಿಲ್ಲ ಎಂದು ಎಂಟುನೂರು ವರ್ಷಗಳ ಹಿಂದೆ ಶರಣರು ಸಾರಿದ ಊರು ಇದು. ಆ ಮಾತನ್ನು ನಾವು ಗೋಡೆಯ ಮೇಲೆ ಬರೆಸುತ್ತೇವೆ. ಗಂಡ ಸತ್ತವಳನ್ನು ಮಾತ್ರ ಚಪ್ಪರದ ಹಿಂದಿನ ಸಾಲಿಗೆ ಕೂರಿಸುತ್ತೇವೆ. ಬೇರೆಯವರನ್ನೇಕೆ ಅನ್ನಲಿ, ನನ್ನ ಮದುವೆಯಲ್ಲಿ ನನ್ನ ತಾಯಿಯನ್ನು ಅಕ್ಷತೆಯ ಹೊತ್ತಿಗೆ ಒಳಗಿನ ಕೋಣೆಗೆ ಕಳಿಸಿದವನು ನಾನೇ. ಆಕೆಯೂ ಎದುರು ಮಾತಾಡದೆ ಹೋಗಿದ್ದಳು.

“ತಾಯಿ, ಅರಿವಿ ಕೀಲಿನ ಒಳಗಿತ್ತು. ಹೊರಗ ನಿಂತವರಿಗೆ ಕಾಣಂಗಿಲ್ಲ. ಅದು ಅಲ್ಲದ ಅಂತ ನಿಮಗ ಹ್ಯಾಂಗ ಗೊತ್ತಾತು?”

“ಬಸವಣಪ್ಪ ಹೇಳ್ದ.”

ಅವರು ಜೋಳದೊಳಗಿಂದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು.

“ಪೆಂಡಾಲಿನಾಗ ನನ್ನ ಹತ್ರ ಬಂದು ಕುಂತು ಹೇಳ್ದ. ‘ಚಿಗವ್ವ, ತಮ್ಮ ನಿನ್ನ ಸೀರಿ ತುಂಡು ವಿಮಾನದಾಗ ಇಟ್ಟಾನ. ನಾ ಹೇಳಿದ್ರ ನಗ್ತಾನ. ನೀ ಕಾಯಿ ಒಡಿಯಾಕ ಹೋದಾಗ ಸುಮ್ಮನ ಎಳಕೊಂಡು ಬಾ’ ಅಂದ. ಎಲ್ಲದ, ಹ್ಯಾಂಗ ಎಳೀಬೇಕು ಅಂತನೂ ಹೇಳ್ದ. ತಂದು ಅವನ ಕೈಯಾಗೇ ಕೊಟ್ಟೆ, ದೂರ ಒಗದು ಬಾ ಅಂತ. ಅವಗ ತಮ್ಮನ ಮ್ಯಾಲ ಬಾಳ ಜೀವ ಇತ್ರಿ.”

ವಿಮಾನದ ಕಡೆ ಒಂದು ಹೆಜ್ಜೆಯನ್ನೂ ಇಡದವನು ತಾಯಿಯ ಕೈಯಿಂದಲೇ ಕ್ಷಣದಲ್ಲಿ ಕೆಲಸ ಮುಗಿಸಿದ್ದ.

ರುಕ್ಮಿಣಿಬಾಯಿ ನನ್ನ ಮುಖವನ್ನು ಓದುತ್ತಿದ್ದರು.

“ಯಾಕ್ರಿ ಸಾಹೇಬ್ರ? ಆ ಅರಿವಿ ಅಲ್ಲೇ ಇದ್ದಿದ್ರ?”

ಸುಳ್ಳು ಹೇಳಬಹುದಿತ್ತು. ನೂರು ಸುಳ್ಳು ಹೇಳಿದ ಬಾಯಿ ಇದು, ನೂರೊಂದನೆಯದು ಭಾರವಾಗುತ್ತಿರಲಿಲ್ಲ. ಆದರೆ ಆ ಸುಳ್ಳನ್ನು ಹೊತ್ತುಕೊಂಡು ಮರುದಿನ ಕಾಶಿರಾಮ ಕಟಕಟೆಯಲ್ಲಿ ನಿಲ್ಲಬೇಕಿತ್ತು.

“ಬದುಕ್ತಿದ್ದ, ತಾಯಿ. ವಿಮಾನ ಹೊಯ್ದಾಡದಂಗ ಹಿಡದು ನಿಲ್ಲಸೋದೇ ಆ ಅರಿವಿ ಆಗಿತ್ತು.”

ಅವರು ಮೊರವನ್ನು ಕೆಳಗಿಟ್ಟರು. ಅಳಲಿಲ್ಲ. ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ನನಗೆ ಎದ್ದು ಓಡಿಹೋಗಬೇಕೆನ್ನಿಸಿತು.

“ಅರಿವಿ ತುರುಕಿದ ಆ ಬಡಿಗ ಎಲ್ಲದಾನ್ರಿ?”

“ಲಾಕಪ್ಪಿನಾಗ. ನಾಳೆ ಕೋರ್ಟಿಗೆ.”

“ನನ್ನ ಮಗನ್ನ ಉಳಸಾಕ ಅರಿವಿ ಇಟ್ಟಾಂವ ಒಳಗ. ತೆಗದಾಕಿ ನಾ ಇಲ್ಲಿ ಜೋಳ ಹಸನ ಮಾಡಾಕತ್ತೀನಿ.” ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು. “ಬರಕೊಳ್ರಿ. ನಾ ಹೇಳಿದ್ದು ಎಲ್ಲಾ ಬರಕೊಳ್ರಿ. ಹೆಬ್ಬಟ್ಟು ಒತ್ತತೀನಿ.”

ಬರೆದುಕೊಂಡೆ. ಅರಿವೆ ಅಲ್ಲಿದೆಯೆಂದು ತಿಳಿಸಿ, ತೆಗೆಯಲು ಹೇಳಿದವನು ನನ್ನ ಭಾವನ ಮಗ ಬಸವಣಪ್ಪ ಎಂದು ಒಂದು ಸಾಲು. ತೆಗೆದ ಅರಿವೆಯನ್ನು ಅವನ ಕೈಗೇ ಕೊಟ್ಟೆ ಎಂದು ಇನ್ನೊಂದು ಸಾಲು. ಕಾಶಿರಾಮನನ್ನು ಬಿಡಿಸಲು ಕಾಗದದಲ್ಲಿದ್ದ ಉಳಿದದ್ದು ಸಾಕು. ಆದರೆ ಈ ಎರಡು ಸಾಲಿಲ್ಲದಿದ್ದರೆ ಬಡಿಗನ ಜಾಗಕ್ಕೆ ಈ ತಾಯಿಯನ್ನು ಒಯ್ಯಬೇಕಾಗುತ್ತಿತ್ತು.

ಮಿಲ್ಲಿನಲ್ಲಿ ಬಸವಣಪ್ಪ ಪಂಖಾದ ಮುಂದೆ ನಿಂತು ಎಲ್ಲವನ್ನೂ ನೋಡಿದ್ದ ಎಂಬುದನ್ನು ಮಾತ್ರ ಅವರಿಗೆ ಹೇಳಲಿಲ್ಲ. ಮೊದಲು ಹೆಬ್ಬೆಟ್ಟು ಬೀಳಲಿ ಎಂದುಕೊಂಡೆ. ಪೊಲೀಸ್ ಬುದ್ಧಿ, ಅದಕ್ಕೆ ನಾಚಿಕೆ ಕಡಿಮೆ.

ಶಾಯಿಯ ಡಬ್ಬಿ ತೆರೆದೆ. ಅವರು ಹೆಬ್ಬೆರಳನ್ನು ಅದ್ದಿದರು.

ಆಗ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು.

“ಚಿಗವ್ವ, ಬದನಿಕಾಯಿ ಎಳೇವು ಸಿಕ್ವು,” ಎನ್ನುತ್ತಾ ಬಸವಣಪ್ಪ ಒಳಗೆ ಬಂದ. ಎತ್ತರದ ಆಳು, ಹಣೆಯ ತುಂಬ ವಿಭೂತಿ. ಶರಣಪ್ಪ ಸತ್ತಂದಿನಿಂದ ಇಲ್ಲೇ ಊಟ, ಇಲ್ಲೇ ನಿದ್ದೆ. ಮಗನಿಲ್ಲದ ಮನೆಗೆ ಮಗನಾದನೆಂದು ಓಣಿಯೆಲ್ಲ ಹೊಗಳುತ್ತಿತ್ತು. ನನ್ನನ್ನು ಕಂಡು ಕೈ ಮುಗಿದ. ಚಾಪೆಯ ಮೇಲಿನ ಅರಿವೆ ಕಣ್ಣಿಗೆ ಬಿತ್ತು. ಕೈಚೀಲವನ್ನು ಮೆಲ್ಲಗೆ ಕೆಳಗಿಟ್ಟ.

“ಏನು ಸಾಹೇಬ್ರ, ಇಷ್ಟು ದೂರ?”

ಉತ್ತರ ರುಕ್ಮಿಣಿಬಾಯಿ ಕೊಟ್ಟರು. “ನನ್ನ ಹೇಳಿಕಿ ಬರಕೊಂಡಾರ. ಚಲೋ ಆತು ನೀ ಬಂದಿ. ನನಗ ಓದಾಕ ಬರಂಗಿಲ್ಲ. ಓದಿ ಹೇಳು ಬಾ, ಒತ್ತತೀನಿ.”

ಕಾಗದ ನನ್ನ ತೊಡೆಯ ಮೇಲಿತ್ತು. ಕೊಡುವುದಿಲ್ಲ ಎನ್ನಬಹುದಿತ್ತು. ಅವರು ಎಡಗೈ ಚಾಚಿ ತೆಗೆದುಕೊಂಡು ಅವನಿಗೆ ಕೊಟ್ಟರು, ನಾನು ತಡೆಯಲಿಲ್ಲ. ಅವನ ಮುಖದಿಂದ ಕಣ್ಣು ಕೀಳಲಿಲ್ಲ.

ಬಸವಣಪ್ಪ ಗೋಡೆಗೆ ಒರಗಿ ಕೂತು ಓದತೊಡಗಿದ. ದನಿ ಚೆನ್ನಾಗಿತ್ತು, ಸ್ಪಷ್ಟವಾಗಿತ್ತು. ಹೆಸರು, ವಯಸ್ಸು, ಊರು. ಮಗ ಹಳೆಯ ಸೀರೆಯ ತುಂಡು ಒಯ್ದದ್ದು. ಬಯಲಿಗೆ ಹೋದದ್ದು.

“…ಕಾಯಿ ಒಡೆದ ಮೇಲೆ, ಕೀಲಿನಲ್ಲಿದ್ದ ಅರಿವೆಯನ್ನು ನನ್ನ ಕೈಯಿಂದಲೇ ಎಳೆದು ತೆಗೆದೆ.”

ಅಲ್ಲಿ ಉಸಿರು ತೆಗೆದುಕೊಂಡ. ಅವನ ಕಣ್ಣು ಮುಂದಿನ ಎರಡು ಸಾಲುಗಳ ಮೇಲೆ ಎಡದಿಂದ ಬಲಕ್ಕೆ ಹರಿದದ್ದನ್ನು ನಾನು ನೋಡಿದೆ. ತುಟಿ ಅಲುಗಲಿಲ್ಲ.

“ಇದನ್ನು ನಾನು ಸ್ವಖುಷಿಯಿಂದ ಹೇಳಿದ್ದೇನೆ. ಯಾರ ಒತ್ತಾಯವೂ ಇಲ್ಲ.”

ಎರಡು ಸಾಲು ನುಂಗಿದರೂ ದನಿ ಎಲ್ಲಿಯೂ ತೊಡರಲಿಲ್ಲ. ತಪ್ಪಿಲ್ಲದ ಮನುಷ್ಯ ಆ ಸಾಲು ಕಂಡೊಡನೆ ‘ಇದೇನು ಬರದೀರಿ’ ಎಂದು ನನ್ನ ಮೇಲೆ ಏರಿ ಬರುತ್ತಿದ್ದ. ಇವನು ಕಾಗದವನ್ನು ನೀಟಾಗಿ ಅವರ ಮುಂದೆ ಹಾಸಿದ. ಹೆಬ್ಬೆಟ್ಟು ಬೀಳಬೇಕಾದ ಜಾಗದಲ್ಲಿ ಬೆರಳಿಟ್ಟು ತೋರಿಸಿದ.

“ಒತ್ತು ಚಿಗವ್ವ. ಪಾಪ, ಆ ಬಡಿಗ ಮನಿಗೆ ಹೋಗ್ಲಿ. ನಿನ್ನದೇನೂ ತಪ್ಪಿಲ್ಲ, ದೈವದ ಆಟ.”

ರುಕ್ಮಿಣಿಬಾಯಿ ಹೆಬ್ಬೆರಳನ್ನು ಕಾಗದದ ಮೇಲಕ್ಕೆ ತಂದರು. ಅದು ಒಂದು ಅಂಗುಲ ಮೇಲೆಯೇ ನಿಂತಿತು.

“ಅಷ್ಟೇ ಏನು?”

“ಅಷ್ಟೇ.”

“ನಾ ಹೇಳಿದ್ದು ಎಲ್ಲಾ ಬಂದದ?”

“ಎಲ್ಲಾ ಬಂದದ ಚಿಗವ್ವ.”

ಅವರು ನನ್ನ ಕಡೆ ನೋಡಿದರು. ಬಸವಣಪ್ಪನ ಹೆಸರು ಓದಿನಲ್ಲಿ ಬಂದಿರಲಿಲ್ಲ, ಅದು ಅವರ ಕಿವಿಗೆ ತಪ್ಪಿರಲಿಲ್ಲ. ಅವರು ಬಸವಣಪ್ಪನ ಕೈಯನ್ನು ಹಿಡಿದುಕೊಂಡರು. ಅವರ ಹೆಬ್ಬೆರಳಿನ ಕಪ್ಪು ಶಾಯಿ ಅವನ ಮಣಿಕಟ್ಟಿಗೆ ಮೆತ್ತಿತು. ಅವನ ತೋರುಬೆರಳನ್ನು ಎಳೆದು ತಂದು ಕಾಗದದ ಮೊದಲನೆಯ ಸಾಲಿನ ಮೇಲೆ ಒತ್ತಿ ಇಟ್ಟರು.

“ಇನ್ನೊಮ್ಮೆ ಓದು. ಒಂದೊಂದು ಸಾಲಿಗೂ ಬೆರಳಿಟ್ಟು ಓದು.”